ತವನಪ್ಪ ಕಾಕಾ ಕೇಳಿ ಕುಡಿದ ನೀರು

ಧುಪದಾಳದ ಒಡ್ಡಿನ ಬಳಿಯ ಸರಕಾರಿ ಬಂಗಲೆಯ ಬಚ್ಚಲುಮನೆಯಲ್ಲಿ ಒಂದು ನಳವಿದೆ. ನೀರು ಬರುವ ನಳವಲ್ಲ; ಅದರ ಹಿಂದಿನ ಕೊಳವೆಯನ್ನು ಯಾರೋ ಯಾವಾಗಲೋ ಬಿಚ್ಚಿಕೊಂಡು ಹೋಗಿದ್ದಾರೆ. ಗೋಡೆಯಿಂದ ಮೂಗಿನಂತೆ ಹೊರಗೆ ಬಂದ ಹಿತ್ತಾಳೆಯ ತುಂಡು, ಅದರ ನೆತ್ತಿಯ ಮೇಲೆ ರೂಪಾಯಿಯಗಲದ ಬಿಳಿ ಪಿಂಗಾಣಿಯ ಗುಂಡಿ, ಗುಂಡಿಯ ಮೇಲೆ ನಾಲ್ಕು ಕರಿಯ ಇಂಗ್ಲಿಷ್ ಅಕ್ಷರ. ಇಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಅದನ್ನು ಓದಿದೆ: ವಾರ್ಮ್.

ಇಂಗ್ಲಿಷ್ ಅಕ್ಷರ ಎಂದೆ. ಆದರೆ ನಳ ಇಂಗ್ಲೆಂಡಿನದಿರಲಾರದು. ಅಲ್ಲಿಯದಾಗಿದ್ದರೆ ಬಿಸಿನೀರಿನ ಗುಂಡಿಯ ಮೇಲೆ 'ಹಾಟ್' ಎಂದಿರುತ್ತಿತ್ತು. ಇದು ಜರ್ಮನರದಿರಬೇಕು, ಇಲ್ಲವೆ ಡಚ್ಚರದು. ಯಾವ ಎಂಜಿನಿಯರ ಎಲ್ಲಿಂದ ತರಿಸಿ ಘಟಪ್ರಭೆಯ ದಂಡೆಯ ಈ ಗೋಡೆಗೆ ಹಚ್ಚಿಸಿದನೋ ತಿಳಿಯದು. ನಳದ ವಿಷಯದಲ್ಲಿ ನಾನು ಇಷ್ಟು ಖಚಿತವಾಗಿ ಮಾತಾಡುವುದಕ್ಕೆ ನನ್ನ ಪದವಿ ಕಾರಣವಲ್ಲ, ನಮ್ಮ ತವನಪ್ಪ ಕಾಕಾ ಕಾರಣ. ಪದವಿಯೂ ಸ್ವಲ್ಪ ಕಾರಣವೆನ್ನಿ. ಆ ಪಾಲು ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳಬೇಕೆಂದೇ ಕೂತಿದ್ದೇನೆ.

ಮೊದಲೇ ಒಂದು ಎಚ್ಚರಿಕೆ. ನಾನು ಕಾಲೇಜು ಸೇರಿದ ದಿನದಿಂದ ದಿನಚರಿ ಬರೆಯುತ್ತ ಬಂದವನು. ಅಂಥವರ ನೆನಪು ಬಹಳ ಗಟ್ಟಿ ಎಂದು ಜನ ತಿಳಿಯುತ್ತಾರೆ. ನನಗಂತೂ ಆದದ್ದು ತಿರುವುಮುರುವು. ಹಳೆಯ ದಿನಚರಿ ತೆರೆದಾಗಲೆಲ್ಲ ನಾನು ಬಲವಾಗಿ ನಂಬಿಕೊಂಡದ್ದು ಅದರಲ್ಲಿ ಇರುವುದಿಲ್ಲ, ಅದರಲ್ಲಿ ಇದ್ದದ್ದು ನನಗೆ ನೆನಪಿರುವುದಿಲ್ಲ. ಆದ್ದರಿಂದ ನಾನು ಹೇಳುವುದರಲ್ಲಿ ಯಾವುದು ಕಂಡದ್ದು, ಯಾವುದು ಕೇಳಿದ್ದು, ಯಾವುದು ನಾನೇ ಕಟ್ಟಿಕೊಂಡಿರಬಹುದಾದದ್ದು ಎಂಬುದನ್ನು ಆದಷ್ಟು ಬೇರೆ ಬೇರೆ ಇಡುತ್ತೇನೆ.

ಕೇಳಿದ್ದು ಮೊದಲು. ತವನಪ್ಪ ಕಾಕಾ ನನ್ನ ತಂದೆಯ ತಮ್ಮ. ನಮ್ಮ ಊರು ತುಕ್ಕಾನಟ್ಟಿ. ಹೊಲದ ಕೆಲಸ ಕಾಕಾರಿಗೆ ಒಗ್ಗಲಿಲ್ಲ. ಎತ್ತಿನ ಜೋಡಿ ಹೂಡಲು ಕಳಿಸಿದರೆ ಬಾವಿಯ ರಾಟಿಯ ಗಾಲಿ ಬಿಚ್ಚಿ ನೋಡುತ್ತ ಕೂಡುವವರು. ಬೇಸತ್ತು ಅಜ್ಜ ಅವರನ್ನು ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ ಹಚ್ಚಿದ. ಅಲ್ಲಿ ಅವರ ಕೆಲಸ ಎಣ್ಣೆ ಬಿಡುವುದು. ತಿರುಗುವ ಉಕ್ಕಿನ ಅಚ್ಚುಗಳು ಕೂಡುವ ಜಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ, ಎಣ್ಣೆ ಬಿಡುತ್ತ, ದಿನವೆಲ್ಲ ಸುತ್ತುವುದು. ಮುಟ್ಟುವುದಕ್ಕೂ ಒಂದು ರೀತಿಯಿತ್ತು. ಅಂಗೈಯಿಂದ ಮುಟ್ಟಬಾರದು, ಹಿಂಗೈಯಿಂದ ಮುಟ್ಟಬೇಕು. ಸುಟ್ಟರೆ ಕೈ ತಾನಾಗಿ ಹಿಂದಕ್ಕೆ ಜಿಗಿಯುತ್ತದೆ. ಮೇಲ್ವಿಚಾರಣೆಯ ಬಿಳಿಯ ಸಾಹೇಬ ಎದುರಾದಾಗ ಎರಡೇ ಶಬ್ದ ಕೇಳುತ್ತಿದ್ದನಂತೆ: "ಹಾಟ್? ವಾರ್ಮ್?"

"ವಾರ್ಮ್ ಅಂದ್ರ ನಡೀಲಿ. ಹಾಟ್ ಅಂದ್ರ ಮಶೀನ ನಿಲ್ಲಸು. ಅಷ್ಟರ ಮ್ಯಾಲ ನನ್ನ ಇಂಗ್ಲಿಷ್ ಮುಗೀತು" ಎಂದು ಕಾಕಾ ನಗುತ್ತಿದ್ದರು. ಅವರ ಬಲಗೈಯ ಹಿಂಬದಿಯಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಇದು ನಾನು ಕಂಡದ್ದು.

ಫಾಲ್ಸಿನಿಂದ ಅವರು ಮುಂಬಯಿಗೆ ಹೋದರು, ಮುಂಬಯಿಯಿಂದ ಹಡಗಿನ ಎಂಜಿನ್ ಕೋಣೆಗೆ. ಅಲ್ಲಿಯೂ ಅದೇ ಎಣ್ಣೆ, ಅದೇ ಹಿಂಗೈ. ಸಮುದ್ರ ದಾಟುವ ಸುದ್ದಿ ಕೇಳಿ ಮನೆಯಲ್ಲಿ ಆದ ಗದ್ದಲವನ್ನು ಅವ್ವ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಬೈದವರು ಬೈದರು, ಅತ್ತವರು ಅತ್ತರು. ಆಯಿ, ಎಂದರೆ ನಮ್ಮ ತಂದೆಯ ತಾಯಿ, ಎರಡೂ ಮಾಡಲಿಲ್ಲ. ಮಗನನ್ನು ಎದುರಿಗೆ ಕೂಡಿಸಿಕೊಂಡಳು.

"ಹತ್ತ ಮಾತ ಹೇಳಿದ್ರ ಒಂದೂ ನಡಸಾಂವಲ್ಲ ನೀ. ಅದಕ್ಕ ಒಂದ ಹೇಳ್ತೇನಿ. ಹಸಿ ನೀರ ಕುಡೀಬ್ಯಾಡ."

"ಆತವ್ವ."

"ಆತಂದ್ರ ಆತಲ್ಲ. ಕುದಿಸಿದ್ದ ಕುಡೀಬೇಕು. ನೀ ಬರೂಮಟ ನಾ ಬೆಲ್ಲ ಮುಟ್ಟೂದಿಲ್ಲ. ನೀ ಅಲ್ಲಿ ನಡಸು, ನಾ ಇಲ್ಲಿ ನಡಸ್ತೇನಿ."

ನಮ್ಮ ಜೈನರಲ್ಲಿ ವ್ರತ ಹಿಡಿದವರು ನೀರನ್ನು ಬಟ್ಟೆಯಲ್ಲಿ ಸೋಸಿ, ಮರಳುವಂತೆ ಕುದಿಸಿ, ಆರಿಸಿ ಕುಡಿಯುತ್ತಾರೆ. ನೀರಿನಲ್ಲಿ ಜೀವವಿದೆ ಎಂಬ ಎಚ್ಚರ ಅದು. ಹಾಗೆಯೇ ಇಷ್ಟವಾದ ಒಂದು ರುಚಿಯನ್ನು ಬಿಡುವುದೂ ನಮ್ಮ ಹಿರಿಯರ ರೂಢಿ. ಒಬ್ಬರು ತುಪ್ಪ ಬಿಡುತ್ತಾರೆ, ಇನ್ನೊಬ್ಬರು ಉಪ್ಪು. ಆಯಿಗೆ ಬೆಲ್ಲವೆಂದರೆ ಜೀವ. ಹುಕ್ಕೇರಿಯ ತವರಿನಲ್ಲಿ ಗಾಣದ ಬಾಯಿಯಲ್ಲೇ ಬೆಳೆದವಳು. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ನೆಕ್ಕುತ್ತ ಅರ್ಧ ಹಗಲು ಕಳೆಯುತ್ತಿದ್ದೆನೆಂದು ಅವಳೇ ಹೇಳುವಳು.

ಮುಂದೆ ಇಂಗ್ಲಿಷರಿಗೂ ಜರ್ಮನರಿಗೂ ಮೊದಲನೆಯ ಲಡಾಯಿ ಬಂತು. ಕಾಕಾರ ಹಡಗು ಆಗ ಜರ್ಮನರ ಬಂದರಿನಲ್ಲಿ ನಿಂತಿತ್ತು. ಹಡಗಿನವರನ್ನೆಲ್ಲ ಇಳಿಸಿ ತಂತಿಬೇಲಿಯ ಒಳಗೆ ಹಾಕಿದರು. ನಾಲ್ಕು ವರ್ಷ ಅಲ್ಲಿ, ಕೊನೆಗೆ ಕೆಲವು ತಿಂಗಳು ಹಾಲೆಂಡಿನಲ್ಲಿ, ಆಮೇಲೆ ಮರಳಿ ಬರುವ ಹಡಗಿಗೆ ಕಾಯುತ್ತ ಇಂಗ್ಲೆಂಡಿನಲ್ಲಿ. ಮನೆಗೆ ಬಂದಾಗ ಹೋಗಿ ಆರು ವರ್ಷವಾಗಿತ್ತು. ನಾನು ಹುಟ್ಟಿ ನಡೆದಾಡುವಂತಾಗಿದ್ದೆ. ಅವ್ವನ ಸೆರಗಿನ ಹಿಂದೆ ನಿಂತು ಆ ದೃಶ್ಯವನ್ನು ನೋಡಿದ್ದೆನೆಂದು ಬಹಳ ದಿನ ನಂಬಿದ್ದೆ. ಈಗ ನಂಬುವುದಿಲ್ಲ. ಆದರೆ ಎಲ್ಲರೂ ಹೇಳುವುದು ಒಂದೇ. ಆಯಿ ಹೊಸ್ತಿಲಲ್ಲಿ ಅಡ್ಡ ನಿಂತಳು. ಮಗನ ಕೈಯಲ್ಲಿ ಗೋಕಾಕದ ಕರದಂಟಿನ ಪುಡಿಕೆ.

"ನೀರ?"

"ನಡಸೇನಿ ಅವ್ವ. ಮೂರೂ ಮುಲಕಿನ್ಯಾಗ ಒಂದ ಮಾತ ನಡೀತಿತ್ತು. ವಾರ್ಮ್ ಅಂತಿದ್ದೆ. ಕಾಸಿ ಕೊಡ್ತಿದ್ರು."

ಆಯಿ ಪುಡಿಕೆ ಬಿಚ್ಚಿ ಅಲ್ಲಿಯೇ ಒಂದು ತುಂಡು ಬಾಯಿಗೆ ಹಾಕಿಕೊಂಡಳಂತೆ. ಆ ಬಳಿಕ ಕಾಕಾ ಮತ್ತೆ ಫಾಲ್ಸಿನ ಕೆಲಸಕ್ಕೆ ಸೇರಿದರು, ಮತ್ತೆ ಪ್ರತಿ ಪಗಾರಕ್ಕೂ ಗೋಕಾಕದಿಂದ ಕರದಂಟು ತಂದರು. ಬೆಲ್ಲ, ಅಂಟು, ಕೊಬ್ಬರಿ ಸೇರಿದ ಆ ತುಂಡನ್ನು ಹಲ್ಲಿಲ್ಲದ ಬಾಯಲ್ಲಿ ಒಂದು ತಾಸು ಆಡಿಸುವುದು ಆಯಿಯ ತಿಂಗಳ ಹಬ್ಬ.

ಕಾಕಾರ ಕತೆಗಳಿಗೆ ನಾವು ಮಕ್ಕಳು ಮುಗಿಬೀಳುತ್ತಿದ್ದೆವು. ಹೊತ್ತು ಮುಳುಗುವುದರೊಳಗೆ ಉಣ್ಣುವ ನಮ್ಮ ಪದ್ಧತಿ ಅಲ್ಲಿ ಹೇಗೆ ಎಡವಿತೆಂಬುದು ಎಲ್ಲಕ್ಕಿಂತ ಸೊಗಸಿನದು. "ಚಳಿಗಾಲದಾಗ ಮಧ್ಯಾಹ್ನ ಊಟಾ ಮುಗಿಸಿ ಕೈ ತೊಳಕೊಳ್ಳೂದ್ರಾಗ ಹೊತ್ತ ಮುಳಗ್ತಿತ್ತು. ಬ್ಯಾಸಗ್ಯಾಗ ನೋಡ್ತೇನಿ, ಮಲಗೂ ಹೊತ್ತಾದ್ರೂ ಸೂರ್ಯಪ್ಪ ಹೋಗವಲ್ಲ! ನಾಲ್ಕ ಸಲ ಉಂಡ್ರೂ ಪಾಪ ಇಲ್ಲ. ಆದ್ರ ಉಣ್ಣಾಕ ಏನ ಇತ್ತು?" ನೆಲದೊಳಗೆ ಬೆಳೆಯುವ ಗಡ್ಡೆ ನಮ್ಮಲ್ಲಿ ವರ್ಜ್ಯ; ಬಟಾಟೆಯ ವಿಷಯ ಆಯಿ ಕೇಳಲಿಲ್ಲ, ಕಾಕಾ ಹೇಳಲಿಲ್ಲ.

ಆದರೆ ಮೂರು ದೇಶಕ್ಕೆ ಒಂದೇ ಮಾತು ಎಂಬುದನ್ನು ದೊಡ್ಡವರು ಯಾರೂ ನಂಬಲಿಲ್ಲ. ಮೂಡಲಗಿಯ ಸಂತೆಯಲ್ಲಿ ಕಾಕಾ ಕಂಡರೆ ಸಾಕು, ಎಣ್ಣೆಯಂಗಡಿಯ ಮುದುಕ ಕೂಗುತ್ತಿದ್ದ: "ಬರ್ರಿ ವಾರ್ಮಪ್ಪನವರ! ಏನ್ರಿ, ಇಲ್ಲೆ ಹುಕ್ಕೇರಿ ದಾಟೂದ್ರಾಗ ಅರ್ಧ ಮಾತು ಮರಾಠಿ ಆಗ್ತೈತಿ. ನಿಮ್ಮ ಮೂರು ಮುಲಕಿನ್ಯಾಗ ಒಂದ ಮಾತು ಹೆಂಗ ನಡೀತ್ರಿ?" ಕಾಕಾ ನಕ್ಕು ಮುಂದೆ ಹೋಗುತ್ತಿದ್ದರು. ಅವರ ನಗೆಯ ಕೊನೆಯಲ್ಲಿ ಏನೋ ಒಂದು ಕುಂದು ಇರುತ್ತಿತ್ತೆಂದು ನನಗೆ ಅನಿಸುತ್ತಿತ್ತು. ಅಪಹಾಸ್ಯದಿಂದ ನೊಂದಿದ್ದಾರೆ ಎಂದುಕೊಂಡೆ. ಅವರ ಮರ್ಯಾದೆ ಉಳಿಸುವ ಹೊಣೆ ನನ್ನದೆಂದೂ ಅಂದುಕೊಂಡೆ.

ಪುಣೆಯ ಕಾಲೇಜಿನಲ್ಲಿ ನಾನು ಜರ್ಮನ್ ಭಾಷೆಯನ್ನು ಆರಿಸಿಕೊಂಡದ್ದಕ್ಕೆ ಇದೊಂದು ಕಾರಣ. ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ರಟ್ಟು ಹರಿದ ನಿಘಂಟಿನ ಕೊನೆಯ ಪುಟಗಳಲ್ಲಿ ಆ ಶಬ್ದ ಸಿಕ್ಕ ದಿನ ನಾನು ಕೋಣೆಯಲ್ಲಿ ಒಬ್ಬನೇ ಎದ್ದು ನಿಂತೆ. ಅವೇ ನಾಲ್ಕು ಅಕ್ಷರ. ಮರುದಿನ ಪ್ರಾಧ್ಯಾಪಕರನ್ನು ಕೇಳಿದರೆ, ಡಚ್ಚರೂ ಹಾಗೆಯೇ ಬರೆಯುತ್ತಾರೆ, ಒಂದು ಮನೆಯ ಮೂವರು ಮಕ್ಕಳಂತೆ ಈ ಭಾಷೆಗಳು ಎಂದರು. ಕಾಕಾ ಸುಳ್ಳು ಹೇಳಿರಲಿಲ್ಲ! ನಿಘಂಟನ್ನು ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡು ಬೇಸಿಗೆಯ ರಜೆಗೆ ಊರಿಗೆ ಬಂದೆ.

ಅಂದು ಕಾಕಾ ಕರದಂಟು ತಂದ ದಿನವೇ ಆಗಿತ್ತು. ಇಳಿಹೊತ್ತು. ಆಯಿ ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದಾಳೆ, ಕೈಯಲ್ಲಿ ತುಂಡು. ಅಪ್ಪ, ಅವ್ವ, ಪಕ್ಕದ ಮನೆಯ ಇಬ್ಬರು. ನಾನು ನಿಘಂಟು ತೆರೆದು ಇಂಗ್ಲಿಷ್, ಜರ್ಮನ್, ಡಚ್ ಎಂದು ಬೆರಳು ಮಡಿಚಿ ವಿವರಿಸಿದೆ. ಅಪ್ಪ ತಮ್ಮನ ಕಡೆ ತಿರುಗಿ, "ಖರೇನ ಹೇಳಿದ್ಯಲ್ಲೋ ಮಾರಾಯಾ, ಇಷ್ಟ ದಿನಾ ಸುಮ್ನ ನಕ್ಕಿವಿ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ! ಕಲಿತವನಿಗೆ ನಿಲ್ಲಿಸುವುದೇ ಬರುವುದಿಲ್ಲ.

"ಆದ್ರ ಕಾಕಾ, ಇದರ ಅರ್ಥ ಬರೇ ಬೆಚ್ಚಗ ಅಂತ. ಕುದ್ದದ್ದು ಅಂತ ಅಲ್ಲ. ಕುದಿಸಿದ ನೀರಿಗೆ ಮೂರೂ ಭಾಷೆಯೊಳಗ ಬ್ಯಾರೆ ಬ್ಯಾರೆ ಮಾತು ಅದಾವು."

ಆಯಿಯ ದವಡೆ ನಿಂತಿತು.

"ಅಂದ್ರ ಕುದ್ದಿದ್ದಿಲ್ಲೇನು?" ಪ್ರಶ್ನೆ ನನಗಲ್ಲ, ಕಾಕಾರಿಗೆ.

ಕಾಕಾ ಸುಮ್ಮನೆ ಕುದ್ದಿತ್ತವ್ವ ಎನ್ನಬಹುದಿತ್ತು. ಅಲ್ಲಿ ನೋಡಿದವರು ಯಾರಿದ್ದರು? ಅವರು ತಮ್ಮ ಬಲಗೈಯ ಹಿಂಬದಿಯನ್ನು ಎಡಗೈಯಿಂದ ಉಜ್ಜುತ್ತ ಕೂತರು. "ಒಮ್ಮೊಮ್ಮೆ ಕುದ್ದಿರ್ತಿತ್ತು ಅವ್ವ. ಒಮ್ಮೊಮ್ಮೆ ಬರೇ ಬೆಚ್ಚಗ."

ಆಯಿ ತುಂಡನ್ನು ಪುಡಿಕೆಯೊಳಗೆ ಇಟ್ಟು, ಕಾಗದ ಮಡಿಚಿ, ಪುಡಿಕೆಯನ್ನು ಅವ್ವನ ಕಡೆ ಸರಿಸಿದಳು. ಎದ್ದು ಹೋಗಿ ಬಾಯಿ ತೊಳೆದುಕೊಂಡಳು. ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಮರುದಿನದಿಂದ ಅವಳ ತಾಟಿನಲ್ಲಿ ಬೆಲ್ಲವಿಲ್ಲ. ಮುಂದಿನ ತಿಂಗಳು ಕಾಕಾ ಪುಡಿಕೆ ಚಾಚಿದರೆ, "ಅಲ್ಲಿಡು" ಎಂದಳು. ಮಗನ ಕೈಯಿಂದ ಇಸಿದುಕೊಳ್ಳಲಿಲ್ಲ. ಹದಿನಾರು ವರ್ಷ ಬಾಗಿಲಿಗೇ ಎದ್ದು ಬಂದು ಇಸಿದುಕೊಳ್ಳುತ್ತಿದ್ದವಳು.

ಆ ದಿನದ ದಿನಚರಿ ನನ್ನಲ್ಲಿದೆ. ಹೋದ ವರ್ಷ ತೆಗೆದು ನೋಡಿದೆ. ಬರೆದಿದ್ದೇನೆ: "ಕಾಕಾ ಅವರ ಮಾತು ನಿಜವೆಂದು ಎಲ್ಲರೆದುರು ಸಾಬೀತುಪಡಿಸಿದೆ. ಶಬ್ದದ ಸರಿಯಾದ ಅರ್ಥವನ್ನೂ ತಿಳಿಸಿದೆ. ಎಲ್ಲರೂ ಮೆಚ್ಚಿದರು." ಬೆಲ್ಲದ ಮಾತಿಲ್ಲ. ಆಯಿಯ ಹೆಸರೂ ಇಲ್ಲ. ಕೆಳಗೆ, ಬಿಸಿಲು ಜಾಸ್ತಿ ಎಂದಿದೆ.

ಹಾಗಾದರೆ ತಪ್ಪು ನನ್ನದೆಂದು ತಿಳಿದದ್ದು ಎಂದು? ರಜೆ ಮುಗಿಯುವ ವಾರ ಇರಬೇಕು. ಕಾಕಾ ನನ್ನನ್ನು ಇದೇ ಧುಪದಾಳಕ್ಕೆ ಕರೆದುಕೊಂಡು ಬಂದಿದ್ದರು. ಒಡ್ಡಿನ ಮೇಲೆ ನೀರು ತೆಳ್ಳಗೆ ಹಾಯುತ್ತಿತ್ತು. ಅದನ್ನೇ ನೋಡುತ್ತ ಕಾಕಾ ಅಂದರು:

"ತಮ್ಮಾ, ವಾರ್ಮಿಗೂ ಹಾಟಿಗೂ ಫರಕ ನನಗ ಗೊತ್ತಿದ್ದಿಲ್ಲಂತ ತಿಳದೇನು?"

ಆ ಫರಕನ್ನು ಹಿಂಗೈಯಿಂದ ಅಳೆದು ಪಗಾರ ತಂದವರಿಗೆ ನಾನು ನಿಘಂಟು ಓದಿಸಿದ್ದೆ.

"ಮದಲ ಹಾಟ್ ಅಂದೆ. ಜರ್ಮನಿಯೊಳಗ ಯಾರಿಗೂ ತಿಳೀಲಿಲ್ಲ. ವಾರ್ಮ್ ಅಂದೆ, ತಿಳೀತು. ತಿಳದದ್ದ ದೊಡ್ಡದಾಗಿತ್ತು ಆವಾಗ. ಕೊಟ್ಟದ್ದು ಕುಡದೆ. ಹಾಲೆಂಡಕ್ಕ ಬಂದ ಮ್ಯಾಲ ಒಬ್ಬ ಮುದುಕಿ ಮನ್ಯಾಗ ಇಟ್ರು. ದಿನಾ ಮುಂಜಾನೆ ನನ್ನ ಕ್ವಾಣಿ ಬಾಗಲಕ್ಕ ಒಂದ ತಂಬಿಗಿ ಇಡಾಕಿ. ವಾರ್ಮ್ ಅನ್ನಾಕಿ. ಮುಟ್ಟಿ ನೋಡಿದ್ರ ಬರೇ ಉಗುರ ಬೆಚ್ಚಗ. ಒಂದ ದಿನ ಸಿಟ್ಟ ಬಂತು. ಕುದಸವ್ವ ಅಂತ ಕೈಲೇ ತೋರ್ಸಬೇಕು ಅಂತ ಅಡಗಿಮನಿಗೆ ಹೋದೆ."

"ಹೋಗಿ?"

"ಕಲ್ಲಿದ್ದಲಿ ಇಲ್ಲ, ಕಟಗಿ ಇಲ್ಲ. ಊರಾಗ ಯಾರ ಮನ್ಯಾಗೂ ಇದ್ದಿಲ್ಲ. ಅಕಿ ನೆಲದ ಮ್ಯಾಲ ಕುಂತು ಕುರ್ಚಿ ಕಾಲ ಮುರದು ಒಲಿಗೆ ಹಾಕಾಕತ್ತಿದ್ಲು. ಬಾಜೂಕ ನನ್ನ ತಂಬಿಗಿ. ಕುದಸು ಅಂತ ಯಾ ಬಾಯಿಲೆ ಹೇಳ್ಲಿ?"

"ಇದನ್ನ ಆಯಿಗೆ ಯಾಕ ಹೇಳ್ಲಿಲ್ರಿ?"

"ವ್ರತ ಮುರದೇನಿ ಅಂತ ಹೇಳಿ ಮ್ಯಾಲ ಕತಿ ಹೇಳೂದೇನು? ನೆಪ ಆಕ್ಕೈತಿ ಅದು." ಆಮೇಲೆ ನನ್ನ ಬೆನ್ನ ಮೇಲೆ ಒಂದು ಗುದ್ದು ಗುದ್ದಿ, "ನೀ ಕೆಡಸೀದಿ. ನೀನ ಹೇಳು" ಎಂದರು. ನಗುತ್ತಲೇ ಅಂದರು. ಆ ಗುದ್ದು ಮಾತ್ರ ನೋಯುವಂತಿತ್ತು.

ನಾನು ಹೇಳದೆ ಪುಣೆಗೆ ಹೋದೆ. ಕಾಗದ ಬರೆಯಬಹುದಿತ್ತು, ಆಯಿಗೆ ಓದು ಬಾರದು, ಅಪ್ಪ ಗಟ್ಟಿಯಾಗಿ ಓದಬೇಕು, ಮನೆಯಿಡೀ ಕೇಳಬೇಕು ಎಂದು ನೆಪ ಹೂಡಿದೆ. ಆ ಮಳೆಗಾಲವೆಲ್ಲ ನಿಘಂಟು ಟ್ರಂಕಿನ ತಳದಲ್ಲಿತ್ತು. ಆಯಿಗೆ ಎಪ್ಪತ್ತು ದಾಟಿತ್ತು. ನಾನು ಹೋಗುವುದರೊಳಗೆ ಏನಾದರೂ ಆದರೆ, ಮಗ ತನ್ನ ಒಂದೇ ಮಾತನ್ನೂ ಹಗುರಾಗಿ ತೆಗೆದುಕೊಂಡನೆಂದೇ ತಿಳಿದು ಹೋಗುತ್ತಾಳಲ್ಲ ಎಂಬ ಭಯ ಒಂದೊಂದು ದಿನ ತರಗತಿಯಲ್ಲಿ ಕೂತಾಗಲೇ ಹಿಡಿಯುತ್ತಿತ್ತು.

ದೀಪಾವಳಿಗೆ ಬಂದಾಗ ಆಯಿ ಬಾವಿಯ ಕಟ್ಟೆಯ ಬಳಿ ನೀರು ಸೋಸುತ್ತಿದ್ದಳು. ಸೋಸಿದ ಬಟ್ಟೆಯನ್ನು ಅವಳು ಕೊಡವಿ ಒಣಗಹಾಕುವವಳಲ್ಲ. ಅದರ ಮೇಲೆ ಒಂದಿಷ್ಟು ನೀರು ಹನಿಸಿ, ಬಟ್ಟೆಗೆ ಅಂಟಿದ ಜೀವಗಳನ್ನು ಸಣ್ಣ ಗಿಂಡಿಗೆ ಇಳಿಸಿ, ಆ ಗಿಂಡಿಯನ್ನು ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಬಾವಿಯ ನೀರಿನ ತನಕ ಬಿಡುವಳು. ಮೇಲಿಂದ ಸುರಿದರೆ ಅವುಗಳಿಗೆ ಪೆಟ್ಟಾಗುತ್ತದೆಂದು. ಗಿಂಡಿ ಕೆಳಗೆ ಮುಟ್ಟುವ ತನಕ ಕಾದು ನಾನು ಎಲ್ಲವನ್ನೂ ಹೇಳಿದೆ.

"ಕುರ್ಚಿ ಮುರದ್ಲಾ? ಯಾರ ಸಲುವಾಗಿ, ನಮ್ಮ ತವನ್ಯಾನ ಸಲುವಾಗಿ?"

"ಹೌದ ಆಯಿ."

"ಹುಚ್ಚಿ." ಹಗ್ಗವನ್ನು ಮೇಲೆಳೆದಳು. ಗಿಂಡಿ ಬಿಚ್ಚುತ್ತ, "ಆಮ್ಯಾಲ ಕೂಡಾಕ ಏನ ಮಾಡಿದ್ಲು?" ಎಂದಳು.

"ಕೇಳ್ಲಿಲ್ಲ ನಾ."

"ಇಷ್ಟ ಕಲತು, ಕೇಳೂದ ಕೇಳ್ಲಿಲ್ಲ ನೋಡು."

"ಹಂಗಾದ್ರ ಇನ್ನ ಬೆಲ್ಲ ತಿಂತಿ ಅಲ್ಲ?"

"ಇಲ್ಲೋ. ಮದಲ ಅವನ ಮ್ಯಾಲಿನ ಸಿಟ್ಟಿಗೆ ಬಿಟ್ಟಿದ್ದೆ. ಇನ್ನ ಅಕಿ ಸಲುವಾಗಿ ಬಿಡ್ತೇನಿ. ಅಕಿ ಕುರ್ಚಿ ಬಿಟ್ಲು. ನಾ ಬೆಲ್ಲ ಬಿಟ್ರ ಏನ ಆತು?"

ಇಲ್ಲಿ ನಾನು ನಿಲ್ಲಬೇಕು. ಆ ದೀಪಾವಳಿಯ ದಿನಚರಿಯ ಹಾಳೆಗಳು ಖಾಲಿ ಇವೆ. ಕೂಡಾಕ ಏನು ಮಾಡಿದಳು ಎಂದು ಆಯಿ ಕೇಳಿದ್ದು ನಿಜ. ಅಂಥ ಪ್ರಶ್ನೆ ನನ್ನ ತಲೆಗೆ ಹೊಳೆಯುವಂಥದ್ದಲ್ಲ. ಆದರೆ ಕೊನೆಯ ಮಾತು? ಅದು ಅವಳದೇ, ಅಥವಾ ನನ್ನ ಎದೆಯ ಭಾರ ಇಳಿಸಿಕೊಳ್ಳಲು ಈ ಹನ್ನೆರಡು ಹದಿಮೂರು ವರ್ಷಗಳಲ್ಲಿ ನಾನೇ ಅವಳ ಬಾಯಲ್ಲಿ ಇಟ್ಟದ್ದೇ? ಆಣೆ ಮಾಡಲಾರೆ. ಆಣೆ ಮಾಡಿ ಹೇಳಬಲ್ಲದ್ದು ಇಷ್ಟು. ಆ ಸಂಜೆ ಕಾಕಾ ಬಂದಾಗ ಆಯಿ ಎದ್ದು ಬಾಗಿಲಿಗೆ ಹೋದಳು, ಪುಡಿಕೆಯನ್ನು ಮಗನ ಕೈಯಿಂದ ಇಸಿದುಕೊಂಡಳು, ತನಗೊಂದು ಚೂರೂ ಇಟ್ಟುಕೊಳ್ಳದೆ ಎಲ್ಲರಿಗೂ ಹಂಚಿದಳು. ಕಾಕಾ ಕೈಕಾಲು ತೊಳೆದು ಕೂತ ಮೇಲೆ ಕೇಳಿದಳು:

"ಅಕಿ ಎತ್ತರಿದ್ಲೇನು?"

"ಯಾರವ್ವ?"

"ನಿನ್ನ ಆ ಮುದುಕಿ."

ಕಾಕಾ ನನ್ನ ಕಡೆ ನೋಡಿದರು. ಆಮೇಲೆ ಮಾತು ಶುರುವಾಯಿತು. ಎತ್ತರಿದ್ದಳು, ಕೈ ದೊಡ್ಡವು, ಒಬ್ಬನೇ ಮಗ, ಅವನೂ ಎಲ್ಲೋ ಹಡಗಿನ ಮೇಲೆ. ಹೆಸರು? ಅಕಿ ಹೇಳಿದ್ದಳು, ನನಗೆ ನಾಲಿಗೆ ಹೊರಳಲಿಲ್ಲ, ಮರೆತೆ ಎಂದರು ಕಾಕಾ. ಆಯಿ ಹಣೆ ಬಡಿದುಕೊಂಡಳು. ಬದುಕಿದ್ದ ಇನ್ನೆರಡು ವರ್ಷವೂ ಬೆಲ್ಲ ಮುಟ್ಟಲಿಲ್ಲ, ಆ ಹೆಸರಿಲ್ಲದವಳ ವಿಷಯ ಕೇಳುವುದನ್ನು ಬಿಡಲಿಲ್ಲ.

ಆಯಿ ಹೋದ ಮೇಲೆ ಕಾಕಾ ಒಮ್ಮೆ ನನಗೆ, "ಹಾಲೆಂಡಕ್ಕ ಕರದಂಟ ಕಳಸಾಕ ಬರ್ತೈತೇನು?" ಎಂದು ಕೇಳಿದರು. ವಿಳಾಸ ಎಂದೆ. ಮನೆಯ ಮುಂದೆ ಒಂದು ಕಾಲುವೆ, ಹಸಿರು ಬಾಗಿಲು ಎಂದರು. ಎರಡನೆಯ ಲಡಾಯಿಯಲ್ಲಿ ಹಾಲೆಂಡಿನ ಸುದ್ದಿ ಪತ್ರಿಕೆಗೆ ಬಂದ ದಿನ ಅದನ್ನು ಎರಡು ಸಲ ಓದಿಸಿದರು. "ಮುದುಕಿ ಇರಾಕಿಲ್ಲ ಬಿಡು. ಮನಿ ಇದ್ದೀತು" ಎಂದರು. ಆ ಯುದ್ಧ ಮುಗಿಯುವುದನ್ನು ಅವರು ನೋಡಲಿಲ್ಲ.

ಅವರಿಬ್ಬರೂ ಹೋದ ಮೇಲೆ ನಾನು ಕುದಿಸಿದ ನೀರನ್ನೇ ಕುಡಿಯುತ್ತ ಬಂದಿದ್ದೇನೆ. ಗೆಳೆಯರಿಗೆ ಕ್ರಿಮಿಗಳ ಹೆಸರು ಹೇಳುತ್ತೇನೆ. ಹೋದಲ್ಲೆಲ್ಲ ಕುದ್ದಿದೆಯೇ, ಮರಳಿದೆಯೇ ಎಂದು ಕೇಳಿ ಕೇಳಿ ಎಷ್ಟು ಮನೆಯ ಹೆಣ್ಣುಮಕ್ಕಳ ತಾಳ್ಮೆ ಕೆಡಿಸಿದ್ದೇನೋ. ನಿನ್ನೆ ಈ ಬಂಗಲೆಗೆ ಬಂದಾಗಲೂ, ಇದನ್ನು ಕಾಯುವ ಲಗಮಪ್ಪನಿಗೆ ಮೊದಲು ಹೇಳಿದ್ದು ಅದನ್ನೇ.

ಇಂದು ನಳದ ಎದುರು ನಾನು ಎಷ್ಟು ಹೊತ್ತು ನಿಂತೆನೋ, ಹೊರಗೆ ಲಗಮಪ್ಪ ಕೆಮ್ಮಿದ. ಹೊರಬಂದರೆ ತಾಮ್ರದ ತಂಬಿಗೆ ಹಿಡಿದು ನಿಂತಿದ್ದಾನೆ. ಹೊಗೆಗೆ ಕಣ್ಣು ಕೆಂಪಗಾಗಿವೆ. ಮೂರು ದಿನದಿಂದ ಬಿಡದ ಮಳೆ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಕಟಗಿ ಎಲ್ಲಾ ಹಸಿ ಅದಾವ್ರಿ. ಊದಿ ಊದಿ ಸಾಕಾತು, ಕುದೀವಲ್ದು. ಬೆಚ್ಚಗ ಅಷ್ಟ ಆಗೇತ್ರಿ. ಇನ್ನೊಂದ ಸಲ ಹಚ್ಚಿ ನೋಡ್ಲೇನ್ರಿ?"

ತಂಬಿಗೆಯನ್ನು ಹಿಂಗೈಯಿಂದ ಮುಟ್ಟಿದೆ. ಕೈ ಹಿಂದಕ್ಕೆ ಜಿಗಿಯಲಿಲ್ಲ.

"ಬ್ಯಾಡೋ, ಸಾಕು" ಎಂದೆ. ಅವನ ಎದುರಿಗೇ ಎರಡು ಲೋಟ ಕುಡಿದೆ. ಆಮೇಲೆ, ಕೇಳುವುದನ್ನು ಈ ಸಲವಾದರೂ ಕೇಳಬೇಕೆಂದು, ಅವನನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂಡಿಸಿ, ಬೆಳಿಗ್ಗೆಯಿಂದ ಹೊಟ್ಟೆಗೆ ಏನಾದರೂ ಹಾಕಿಕೊಂಡೆಯೇನು ಎಂದು ಕೇಳಿದೆ. ಕುರ್ಚಿಯ ತುದಿಯಲ್ಲಿ ಮುದುಡಿ ಕೂತು ಅವನು ಹೇಳುತ್ತಿದ್ದಾನೆ. ನಾನು ಇದನ್ನು ಅವನೆದುರೇ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ, ನಾಳೆ ನನ್ನ ನೆನಪು ಕೈಯಾಡಿಸುವ ಮೊದಲು: ನೀರು ಬೆಚ್ಚಗಿತ್ತು.